ಪ್ರಾಮಾಣಿಕತೆಗೆ ಎರಡು ಕ್ರೆಡಿಟ್

ಪಿಎಚ್.ಡಿ.ಗೆ ಸೇರಿದವರು ಯಾವ ವಿಭಾಗದವರೇ ಆಗಿರಲಿ, ಒಂದು ಪೇಪರ್ ಮಾತ್ರ ಓದಲೇಬೇಕು: ‘ರಿಸರ್ಚ್ ಅಂಡ್ ಪಬ್ಲಿಕೇಷನ್ ಎಥಿಕ್ಸ್’. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಆರ್‌ಪಿಇ’. ಯುಜಿಸಿ 2019ರ ಡಿಸೆಂಬರ್‌ನಲ್ಲಿ ಇದನ್ನು ಕೋರ್ಸ್‌ವರ್ಕ್‌ನಲ್ಲಿ ಕಡ್ಡಾಯ ಮಾಡಿತು. ಎರಡು ಕ್ರೆಡಿಟ್, ಆರು ಘಟಕ, 30 ಗಂಟೆ.

ಆ 30 ಗಂಟೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಪಠ್ಯಕ್ರಮ ತೆರೆದು ನೋಡಿದರೆ ಕುತೂಹಲಕರವಾದ ಲೆಕ್ಕ ಸಿಗುತ್ತದೆ. ತತ್ವಶಾಸ್ತ್ರ, ನೀತಿಶಾಸ್ತ್ರದ ಪರಿಚಯಕ್ಕೆ 3 ಗಂಟೆ. ವೈಜ್ಞಾನಿಕ ನಡವಳಿಕೆಗೆ, ಅಂದರೆ ಇಲ್ಲದ ದತ್ತಾಂಶ ಸೃಷ್ಟಿಸುವುದು, ಇದ್ದದ್ದನ್ನು ತಿದ್ದುವುದು, ಬೇಕಾದದ್ದನ್ನು ಮಾತ್ರ ಆರಿಸಿ ತೋರಿಸುವುದು, ಇಂಥ ವಿಷಯಗಳಿಗೆ 5 ಗಂಟೆ. ಉಳಿದ 22 ಗಂಟೆಯೂ ಒಂದಲ್ಲ ಒಂದು ರೀತಿಯಲ್ಲಿ ಪ್ರಕಟಣೆಗೆ ಸಂಬಂಧಿಸಿದ್ದು: ಯಾವ ಜರ್ನಲ್ ಅಸಲಿ, ಯಾವುದು ನಕಲಿ, ಓಪನ್ ಆ್ಯಕ್ಸೆಸ್ ಎಂದರೇನು, ಕೃತಿಚೌರ್ಯ ಪತ್ತೆಯ ಸಾಫ್ಟ್‌ವೇರ್ ಬಳಸುವುದು ಹೇಗೆ. ಡೇಟಾಬೇಸ್, ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್‌ಗಳಿಗೇ 7 ಗಂಟೆ ಮೀಸಲು. ನೀತಿಯ ಪಾಠದಲ್ಲಿ ಸುಳ್ಳು ದತ್ತಾಂಶಕ್ಕಿಂತ ಸೈಟೇಷನ್ ಎಣಿಕೆಗೆ ಹೆಚ್ಚು ಸಮಯ! ಪ್ರಯೋಗಾಲಯದಲ್ಲಿ ನಡೆಯುವ ತಪ್ಪಿಗೆ ಗ್ರಂಥಾಲಯದಲ್ಲಿ ಪರಿಹಾರ ಹುಡುಕಿದ್ದೇವೆ ಅನ್ನಿಸುವುದು ಇಲ್ಲಿ.

ಇದಕ್ಕೆ ಕಾರಣವೂ ಇದೆ. ಯುಜಿಸಿಯ 2018ರ ನಿಯಮಾವಳಿ ಕೃತಿಚೌರ್ಯವನ್ನಷ್ಟೇ ಹಿಡಿದುಕೊಂಡಿತು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರೊಳಗಿದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕು. 40ರಿಂದ 60ಕ್ಕೆ ಒಂದು ವರ್ಷ ಮಹಾಪ್ರಬಂಧ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಗೆ ರಿಯಾಯಿತಿ. ಯಂತ್ರಕ್ಕೆ ಎಣಿಸಲು ಬರುವ ತಪ್ಪು ಇದು, ಹಾಗಾಗಿ ಆಡಳಿತಕ್ಕೂ ಇಷ್ಟವಾಯಿತು. ಮಹಾಪ್ರಬಂಧದ ಜೊತೆ ಸಿಮಿಲಾರಿಟಿ ರಿಪೋರ್ಟ್ ಲಗತ್ತಿಸಿದರೆ ಪ್ರಾಮಾಣಿಕತೆಯ ಕಡತ ಮುಗಿಯಿತು. ಒಳಗಿನ ಕೋಷ್ಟಕದ ಅಂಕಿಗಳು ಕೂತಲ್ಲೇ ಬರೆದವಾಗಿದ್ದರೆ? ಸ್ವಂತವಾಗಿ ಕಟ್ಟಿದ ಅಂಕಿಗೆ ಹೋಲಿಕೆ ಸೊನ್ನೆ. ಯಂತ್ರ ಅದನ್ನು ಶುದ್ಧ ಎಂದೇ ತೇರ್ಗಡೆ ಮಾಡುತ್ತದೆ.

ಶೇಕಡಾವಾರು ಕಲಿಸಿದರೆ ವಿದ್ಯಾರ್ಥಿ ಶೇಕಡಾವಾರು ಇಳಿಸುವುದನ್ನೇ ಕಲಿಯುತ್ತಾನೆ. ವಾಕ್ಯವನ್ನು ಸಾಫ್ಟ್‌ವೇರ್‌ಗೆ ಹಾಕಿ ಪದಗಳನ್ನು ಬದಲಿಸಿಕೊಳ್ಳುವ ವಿದ್ಯೆ ಎಷ್ಟು ಬೆಳೆಯಿತೆಂದರೆ, ‘ಬ್ರೆಸ್ಟ್ ಕ್ಯಾನ್ಸರ್’ ಎಂದಿರಬೇಕಾದಲ್ಲಿ ‘ಬೂಸಮ್ ಪೆರಿಲ್’ ಎಂದು ಅಚ್ಚಾದ ವೈಜ್ಞಾನಿಕ ಪ್ರಬಂಧಗಳೇ ಇವೆ. ಫ್ರಾನ್ಸ್‌ನ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಿಂದ ಇಂಥ ವಿಕಾರ ಪ್ರಯೋಗಗಳನ್ನು ಹೆಕ್ಕಿ ತೆಗೆಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ನಾಲ್ಕು ಪ್ಯಾರಾ ಸರಾಗವಾಗಿ ಬರೆಯಲು ತಡವರಿಸುವ, ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಬಂದ ಹುಡುಗನಿಗೆ ಬರೆಯುವುದನ್ನು ಕಲಿಸದೆ ಬರೀ ಶೇ 10ರ ಗಡಿ ತೋರಿಸಿ ಹೆದರಿಸಿದರೆ ಅವನು ಮಾಡುವುದು ಇದನ್ನೇ. ಅವನನ್ನು ಬೈಯಲು ನನಗೆ ಮನಸ್ಸು ಬಾರದು.

ಈ ತೊಡಕು ನಮ್ಮೊಬ್ಬರದೇ ಅಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್, ತನ್ನ ತರಬೇತಿ ಅನುದಾನ ಪಡೆಯುವವರಿಗೆ 1990ರಿಂದಲೇ ನೈತಿಕತೆಯ ಪಾಠ ಕಡ್ಡಾಯ ಮಾಡಿತು. ಹಿಂದಿನ ದಶಕದಲ್ಲಿ ಹಾರ್ವರ್ಡ್‌ನ ಹೃದ್ರೋಗ ಸಂಶೋಧಕ ಜಾನ್ ಡಾರ್ಸಿಯ ಪ್ರಕರಣದಂಥವು ಒಂದರ ಹಿಂದೊಂದು ಹೊರಬಂದು, ಸಂಸತ್ತಿನಲ್ಲೇ ವಿಚಾರಣೆಗಳು ನಡೆದಿದ್ದವು. 2010ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಇದನ್ನೇ ಮಾಡಿತು. ಆಮೇಲೆ ಆದದ್ದು ನಾವೂ ಊಹಿಸಬಹುದಾದದ್ದು. ಆನ್‌ಲೈನ್ ಪಾಠ, ಪುಟದಿಂದ ಪುಟಕ್ಕೆ ಕ್ಲಿಕ್, ಕೊನೆಯಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸುವ ಪರೀಕ್ಷೆ, ಪ್ರಮಾಣಪತ್ರದ ಪಿಡಿಎಫ್.

ಪಾಠದಿಂದ ಏನಾದರೂ ಆಯಿತೇ ಎಂದು ಅಳೆದವರೂ ಇದ್ದಾರೆ. ಓಕ್ಲಹೋಮಾ ವಿಶ್ವವಿದ್ಯಾಲಯದ ಮೈಕೆಲ್ ಮಮ್ಫರ್ಡ್ ಅವರ ತಂಡ ಇದನ್ನೇ ವರ್ಷಗಟ್ಟಲೆ ಬೆನ್ನಟ್ಟಿತು. 2009ರಲ್ಲಿ ಆ ತಂಡ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಪರಿಣಾಮ ಸಾಧಾರಣ. ಮರುವರ್ಷ ಹಲವು ಸಂಸ್ಥೆಗಳ ಚಾಲ್ತಿ ಕೋರ್ಸ್‌ಗಳನ್ನೇ ಪರೀಕ್ಷೆಗೊಡ್ಡಿತು. ಪಾಠಕ್ಕೆ ಮುಂಚೆ, ಪಾಠದ ನಂತರ ವಿದ್ಯಾರ್ಥಿಗಳ ತೀರ್ಮಾನಗಳನ್ನು ಹೋಲಿಸಿದರೆ ಒಟ್ಟಾರೆ ವ್ಯತ್ಯಾಸವೇ ಇಲ್ಲ. ಕೆಲವು ವಿಷಯಗಳಲ್ಲಿ ಪಾಠ ಕೇಳಿದ ಮೇಲೆ ತೀರ್ಮಾನ ಕೆಟ್ಟಿತ್ತು! ನಿಯಮ ಉರು ಹೊಡೆದವರಿಗೆ ‘ನನಗೆಲ್ಲ ಗೊತ್ತು’ ಎಂಬ ಧೈರ್ಯ ಬಂದುಬಿಡುತ್ತದೇನೋ. 2017ರಲ್ಲಿ 66 ಅಧ್ಯಯನಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಚಿತ್ರ ಸ್ವಲ್ಪ ಸುಧಾರಿಸಿತ್ತು. ಅದರ ಜೊತೆಗೆ ಬಂದ ಇನ್ನೊಂದು ಲೆಕ್ಕದಲ್ಲಿ, ಬರೀ ಆನ್‌ಲೈನ್ ಪಾಠ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು. ಮುಖಾಮುಖಿ ಪಾಠ ಮೇಲು, ಎರಡೂ ಬೆರೆತದ್ದು ಇನ್ನೂ ಮೇಲು.

ನೀತಿಶಾಸ್ತ್ರ ತಿಳಿದ ಮಾತ್ರಕ್ಕೆ ನಡತೆ ಬದಲಾಗುವುದಿಲ್ಲ ಎನ್ನುವುದಕ್ಕೆ ತಮಾಷೆಯ ಪುರಾವೆಯೊಂದಿದೆ. ಎರಿಕ್ ಶ್ವಿಟ್ಸ್‌ಗೆಬೆಲ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ದೊಡ್ಡ ದೊಡ್ಡ ಗ್ರಂಥಾಲಯಗಳ ಪಟ್ಟಿ ತರಿಸಿ ನೋಡಿದರು. ತತ್ವಶಾಸ್ತ್ರದ ಬೇರೆ ಪುಸ್ತಕಗಳಿಗೆ ಹೋಲಿಸಿದರೆ, ಪರಿಣತರಷ್ಟೇ ಓದುವ ಆಧುನಿಕ ನೀತಿಶಾಸ್ತ್ರದ ಪುಸ್ತಕಗಳು ಕಾಣೆಯಾಗುವ ಸಂಭವ ಸುಮಾರು ಶೇ 50ರಷ್ಟು ಹೆಚ್ಚು.

ಪ್ರತಿಜ್ಞೆ ಬರೆಸಿಕೊಂಡರೆ ಹೇಗೆ? ಅದೂ ಆಗಿದೆ, ಮತ್ತು ಆ ಕತೆ ಇನ್ನೂ ವಿಚಿತ್ರ. ಅರ್ಜಿಯ ಕೊನೆಯಲ್ಲಿ ಸಹಿ ಮಾಡಿಸುವ ಬದಲು ಮೇಲ್ಭಾಗದಲ್ಲೇ ‘ನಾನು ನಿಜ ಹೇಳುತ್ತೇನೆ’ ಎಂದು ಸಹಿ ಹಾಕಿಸಿದರೆ ಜನ ಕಡಿಮೆ ಸುಳ್ಳು ಬರೆಯುತ್ತಾರೆ ಎಂದು 2012ರಲ್ಲಿ ಪಿಎನ್‌ಎಎಸ್ ಪತ್ರಿಕೆಯಲ್ಲಿ ಪ್ರಬಂಧವೊಂದು ಬಂತು. ಬಹಳ ಹೆಸರೂ ಮಾಡಿತು. 2020ರಲ್ಲಿ ಅದೇ ಲೇಖಕರು ಪ್ರಯೋಗವನ್ನು ಇನ್ನೂ ದೊಡ್ಡದಾಗಿ ಮಾಡಿ ನೋಡಿದರೆ ಅಂಥ ಪರಿಣಾಮವೇ ಇಲ್ಲ. ಮಾರನೆಯ ವರ್ಷ ‘ಡೇಟಾ ಕೊಲಾಡಾ’ ಹೆಸರಿನಲ್ಲಿ ಕೆಲಸ ಮಾಡುವ ಮೂವರು ಸಂಶೋಧಕರು ಮೂಲ ಕಡತ ಬಿಚ್ಚಿದರು. ವಿಮೆ ಗ್ರಾಹಕರ ಕಾರುಗಳು ಓಡಿದ ಮೈಲಿಗಳದ್ದೆಂದು ತೋರಿಸಿದ್ದ ಅಂಕಿಗಳು ಸೃಷ್ಟಿ ಎಂದು ಅವರು ತೋರಿಸಿಕೊಟ್ಟರು. ಪ್ರಾಮಾಣಿಕತೆಯನ್ನು ಕುರಿತ ಪ್ರಬಂಧ ಅಪ್ರಾಮಾಣಿಕತೆಯ ಕಾರಣಕ್ಕೆ ಹಿಂದಕ್ಕೆ ಹೋಯಿತು.

ಹಾಗಾದರೆ ಫಲ ಕೊಡುವ ಪಾಠ ಯಾವುದು? ಮಮ್ಫರ್ಡ್ ತಂಡವೇ 2008ರಲ್ಲಿ ಎರಡು ದಿನದ ತರಬೇತಿಯೊಂದನ್ನು ರೂಪಿಸಿ ಪರೀಕ್ಷಿಸಿತ್ತು. ಅದರಲ್ಲಿ ನಿಯಮಗಳ ಪಟ್ಟಿಗಿಂತ, ಇಕ್ಕಟ್ಟಿಗೆ ಸಿಕ್ಕಾಗ ಯೋಚಿಸುವ ಕ್ರಮ ಮುಖ್ಯ. ನಾನಿರುವ ಸನ್ನಿವೇಶ ಏನು, ಯಾರ ಸಲಹೆ ಕೇಳಬೇಕು, ನನ್ನ ತೀರ್ಪಿನ ಮೇಲೇ ನನಗೆ ಅನುಮಾನ ಬರಬೇಕೇ, ಮುಂದೆ ಏನಾಗಬಹುದು, ನನ್ನ ಸಿಟ್ಟು–ಭಯ ಏನು ಮಾಡಿಸುತ್ತಿದೆ, ಇದರಿಂದ ನನಗೇನು ಲಾಭ, ಬೇರೆಯವರಿಗೇನು ನಷ್ಟ. ಪಟ್ಟಿ ನೋಡಿದರೆ ಮನೆಯ ಹಿರಿಯರು ಹೇಳುವ ಮಾತಿನ ಹಾಗೇ ಇದೆ. ಆದರೆ ಇವನ್ನು ನಿಜ ಪ್ರಸಂಗಗಳ ಮೇಲೆ ಮತ್ತೆ ಮತ್ತೆ ಉಜ್ಜಿ ನೋಡಿದವರ ತೀರ್ಮಾನಗಳು ಗಣನೀಯವಾಗಿ ಸುಧಾರಿಸಿದವು, ತಿಂಗಳುಗಳು ಕಳೆದ ಮೇಲೂ ಆ ಸುಧಾರಣೆ ಉಳಿದಿತ್ತು.

ಇದು ತರಗತಿಯಲ್ಲಿ ಹೇಗೆ ನಡೆಯಬಹುದು ಎಂದು ತೋರಿಸಲು ಪ್ರಸಂಗವೊಂದನ್ನು ಕಟ್ಟುತ್ತೇನೆ. ಜೀವವಿಜ್ಞಾನದ ಲ್ಯಾಬ್‌ಗಳಲ್ಲಿ ‘ವೆಸ್ಟರ್ನ್ ಬ್ಲಾಟ್’ ನಿತ್ಯದ ಕೆಲಸ. ಜೀವಕೋಶದಲ್ಲಿ ಒಂದು ಪ್ರೋಟೀನು ಎಷ್ಟಿದೆ ಎಂಬುದು ಬಿಳಿ ಪಟ್ಟಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಗೆರೆ ದಪ್ಪವಾದಷ್ಟೂ ಪ್ರೋಟೀನು ಹೆಚ್ಚು. ಔಷಧಿ ಹಾಕಿದ ಕೋಶದಲ್ಲಿ ಗೆರೆ ತೆಳುವಾಗಬೇಕು ಎಂಬುದು ವಿದ್ಯಾರ್ಥಿನಿಯ ನಿರೀಕ್ಷೆ. ಮೂರು ಸಲ ಮಾಡಿದ್ದಾಳೆ. ಎರಡು ಸಲ ತೆಳುವಾಗಿದೆ. ಮೂರನೆಯ ಸಲ ಎರಡೂ ಗೆರೆ ಒಂದೇ ದಪ್ಪ.

“ಮೇಡಂ, ಮೂರನೇದ್ರಲ್ಲಿ ವ್ಯತ್ಯಾಸ ಕಾಣ್ತಾ ಇಲ್ಲ.”

“ಆ್ಯಂಟಿಬಾಡಿ ಹಳೇದಾಗಿತ್ತೇನೋ. ಇನ್ನೊಂದ್ಸಲ ರನ್ ಮಾಡಿ ನೋಡಮ್ಮ. ಸೋಮವಾರ ರಿವಿಷನ್ ಕಳಿಸ್ಲೇಬೇಕು, ನೆನಪಿದೆಯಲ್ಲ?”

ಹೊರಗೆ ಬಂದರೆ ಸೀನಿಯರ್ ಹೇಳುತ್ತಾಳೆ: “ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ? ಚೆನ್ನಾಗಿ ಬರೋ ಮೂರು ಹಾಕು. ಎಲ್ಲರೂ ಮಾಡೋದೇ ಅದು.”

ಇಲ್ಲಿ ಯಾರೂ ಖಳರಲ್ಲ. ಮೇಡಂ ಸುಳ್ಳು ಬರೆ ಎಂದಿಲ್ಲ. ಆ್ಯಂಟಿಬಾಡಿ ನಿಜಕ್ಕೂ ಹಳೆಯದಾಗಿರಬಹುದು, ಮತ್ತೆ ಮಾಡಿ ನೋಡುವುದು ಒಳ್ಳೆಯ ವಿಜ್ಞಾನವೂ ಹೌದು. ಆದರೆ ನಿರೀಕ್ಷೆಯಂತೆ ಬಂದ ಎರಡು ಸಲ ಆ್ಯಂಟಿಬಾಡಿಯ ವಯಸ್ಸನ್ನು ಯಾರೂ ಕೇಳಿರಲಿಲ್ಲ! ಸೋಲನ್ನು ಮಾತ್ರ ತನಿಖೆಗೆ ಒಳಪಡಿಸಿ, ಗೆಲುವನ್ನು ಹಾಗೇ ಒಳಗೆ ಬಿಟ್ಟುಕೊಂಡರೆ ಕೊನೆಗೆ ಉಳಿಯುವುದೆಲ್ಲ ಗೆಲುವೇ. ನಾಲ್ಕನೆಯ ಸಲ ಗೆರೆ ತೆಳುವಾಗಿ ಬಂತೆನ್ನಿ. ಪ್ರಬಂಧದಲ್ಲಿ ‘ಮೂರು ಸಲ ಮಾಡಿದೆವು’ ಎನ್ನುವುದೇ, ‘ನಾಲ್ಕು ಸಲ ಮಾಡಿದೆವು, ಮೂರು ಸಲ ಹೀಗೆ ಬಂತು’ ಎನ್ನುವುದೇ? ಬಿಟ್ಟ ಬ್ಲಾಟ್ ನೋಟ್‌ಬುಕ್‌ನಲ್ಲಿ ಅಂಟಿಸಿದೆಯೇ? ಯಾವ ಕಾರಣಕ್ಕೆ ಯಾವ ಪ್ರಯೋಗವನ್ನು ಕೈಬಿಡುತ್ತೇವೆ ಎಂಬುದನ್ನು ಶುರುವಿಗೆ ಮುಂಚೆಯೇ ಲ್ಯಾಬ್‌ನಲ್ಲಿ ಬರೆದಿಟ್ಟುಕೊಂಡಿದ್ದರೆ ಈ ಮಾತುಕತೆ ಹೇಗೆ ಸಾಗುತ್ತಿತ್ತು? ಸೋಮವಾರದ ಗಡುವಿಗೆ ಎರಡು ವಾರ ಹೆಚ್ಚು ಕೊಡಿ ಎಂದು ಸಂಪಾದಕರಿಗೊಂದು ಇ–ಮೇಲ್ ಕಳಿಸಿದರೆ ಏನಾಗುತ್ತಿತ್ತು? (ಬಹುಪಾಲು ಜರ್ನಲ್‌ಗಳು ಕೊಡುತ್ತವೆ. ಕೇಳಬಹುದು ಎಂಬುದೇ ಹೆಚ್ಚಿನ ವಿದ್ಯಾರ್ಥಿಗಳಿಗೆ ತಿಳಿದಿರುವುದಿಲ್ಲ.)

ಈ ಒಂದು ಪ್ರಸಂಗಕ್ಕೆ ಒಂದೂವರೆ ಗಂಟೆ ಸಾಲದು. ರಸಾಯನಶಾಸ್ತ್ರದವರಿಗೆ ಇದರ ಬದಲು ಇಳುವರಿಯ ಲೆಕ್ಕ ಬೇಕು, ಸಮಾಜಶಾಸ್ತ್ರದವರಿಗೆ ಅರ್ಧ ತುಂಬಿದ ಪ್ರಶ್ನಾವಳಿ. ಎಲ್ಲ ವಿಭಾಗದವರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವ ನಮ್ಮ ಕ್ರಮದಲ್ಲಿ ಇದಕ್ಕೆ ಜಾಗವೇ ಇಲ್ಲ.

ದೊಡ್ಡ ಮೋಸಗಾರರನ್ನು ತರಗತಿ ತಡೆಯದು, ಅದು ನಿಜ. ಆದರೆ ವಿಜ್ಞಾನಕ್ಕೆ ಹೆಚ್ಚು ಪೆಟ್ಟು ಬೀಳುತ್ತಿರುವುದು ಅವರಿಂದಲೇ ಎಂದೇನಿಲ್ಲ. 2022ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಸರು ಹೇಳದೆ ಉತ್ತರಿಸಿದ ಸಂಶೋಧಕರಲ್ಲಿ ದತ್ತಾಂಶ ಸೃಷ್ಟಿಸಿದ್ದು ಸುಮಾರು ಶೇ 4 ಮಂದಿ ಎಂಬ ಅಂದಾಜು ಸಿಕ್ಕಿತು. ಮೇಲಿನ ಬ್ಲಾಟ್ ಪ್ರಸಂಗದಂಥ, ಪೂರ್ತಿ ಸುಳ್ಳೂ ಅಲ್ಲದ ಪೂರ್ತಿ ನಿಜವೂ ಅಲ್ಲದ ನಡವಳಿಕೆ ಯಾವುದಾದರೊಂದು ಬಗೆಯಲ್ಲಿ ಆಗಾಗ ನಡೆಯುತ್ತದೆ ಎಂದು ಒಪ್ಪಿಕೊಂಡವರು ಅರ್ಧಕ್ಕೂ ಹೆಚ್ಚು. ಪಾಠ ತಲುಪಬೇಕಾದದ್ದು ಈ ಅರ್ಧಕ್ಕೆ. ಪ್ರಕಟಣೆಯ ಒತ್ತಡ ಹೆಚ್ಚಿದ್ದಲ್ಲಿ ಈ ರೋಗ ಹೆಚ್ಚು, ಒಳ್ಳೆಯ ಮಾರ್ಗದರ್ಶನ ಇದ್ದಲ್ಲಿ ಕಡಿಮೆ ಎಂಬುದೂ ಅದೇ ಸಮೀಕ್ಷೆಯಲ್ಲಿದೆ.

ಅಸಲಿ ವಿಷಯ ಈ ಮಾರ್ಗದರ್ಶನವೇ. ಪಾಠದ ಕೋಣೆಯಲ್ಲಿ ಇರಬೇಕಾಗಿದ್ದು, ಇಲ್ಲದಿರುವುದು ಗೈಡ್.

2008ರಲ್ಲಿ ಅಮೆರಿಕದ ಸಂಶೋಧನಾ ಪ್ರಾಮಾಣಿಕತೆ ಕಚೇರಿಯ ಹಳೆಯ ಕಡತಗಳನ್ನು ಮೂವರು ಅಧ್ಯಯನ ಮಾಡಿದರು. ತಪ್ಪು ಸಾಬೀತಾದ ವಿದ್ಯಾರ್ಥಿಗಳ, ಪೋಸ್ಟ್‌ಡಾಕ್‌ಗಳ ಪ್ರಕರಣಗಳವು. ಅವರ ಮಾರ್ಗದರ್ಶಕರಲ್ಲಿ ಮುಕ್ಕಾಲು ಪಾಲು ಜನ ಮೂಲ ದತ್ತಾಂಶವನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ. ಲ್ಯಾಬ್‌ನಲ್ಲಿ ದಾಖಲೆ ಹೇಗಿಡಬೇಕೆಂಬ ಕ್ರಮವನ್ನೂ ಬಹುತೇಕರು ಹಾಕಿಕೊಟ್ಟಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಮೆಲಿಸ್ಸಾ ಆ್ಯಂಡರ್ಸನ್ ಮತ್ತು ಜೊತೆಗಾರರು ಎನ್‌ಐಎಚ್ ಅನುದಾನ ಪಡೆದ ಸಾವಿರಾರು ವಿಜ್ಞಾನಿಗಳನ್ನು ಕೇಳಿ ತಿಳಿದದ್ದು ಇನ್ನೂ ಸೂಕ್ಷ್ಮ. ಗೈಡ್ ಸಂಶೋಧನೆಯ ನೀತಿಯನ್ನು ಹೇಳಿಕೊಟ್ಟಲ್ಲಿ ತಪ್ಪು ಕಡಿಮೆ. ‘ಈ ರಂಗದಲ್ಲಿ ಬಾಳಿ ಬದುಕುವುದು ಹೇಗೆ’, ‘ಗ್ರಾಂಟ್ ಗಿಟ್ಟಿಸುವುದು ಹೇಗೆ’ ಎಂದು ಹೇಳಿಕೊಟ್ಟಲ್ಲಿ ತಪ್ಪು ಜಾಸ್ತಿ! ತರಗತಿಯ ಪಾಠದ ಪರಿಣಾಮ ಮಾತ್ರ ಅತ್ತೊಮ್ಮೆ ಇತ್ತೊಮ್ಮೆ.

ಮೂಲ ದತ್ತಾಂಶ ಯಾರೂ ಕೇಳದಿದ್ದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಬೆಲ್ ಲ್ಯಾಬ್ಸ್‌ನ ಯಾನ್ ಹೆಂಡ್ರಿಕ್ ಶೋನ್ ಉದಾಹರಣೆ. ಒಂದರ ಮೇಲೊಂದು ಬೆರಗಿನ ಪ್ರಬಂಧ ಬರೆದ ಭೌತವಿಜ್ಞಾನಿ. 2002ರಲ್ಲಿ ಮಾಲ್ಕಮ್ ಬೀಸ್ಲಿ ಅಧ್ಯಕ್ಷತೆಯ ಸಮಿತಿ 24 ಆರೋಪಗಳಲ್ಲಿ 16 ಸಾಬೀತು ಎಂದಿತು. ಅಚ್ಚುಕಟ್ಟಾದ ಲ್ಯಾಬ್ ನೋಟ್‌ಬುಕ್ ಇರಲಿಲ್ಲ. ಮೂಲ ಕಡತಗಳು ಎಲ್ಲಿ ಎಂದರೆ, ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಅಳಿಸಿದೆ ಎಂಬ ಉತ್ತರ. ಸಹಲೇಖಕರ ಮೇಲೆ ವಂಚನೆಯ ಆರೋಪ ಬರಲಿಲ್ಲ. ಆದರೆ ಹೆಸರು ಹಾಕಿಸಿಕೊಂಡವರು ಎಷ್ಟು ಪ್ರಶ್ನೆ ಕೇಳಬೇಕಿತ್ತು ಎಂಬುದನ್ನು ಸಮಿತಿ ಎತ್ತದೆ ಬಿಡಲಿಲ್ಲ. ನೆದರ್ಲೆಂಡ್ಸ್‌ನ ಡಿಡೆರಿಕ್ ಸ್ಟಾಪೆಲ್ ಇದನ್ನೇ ತಿರುಗುಮುರುಗು ಮಾಡಿದ ಮನಶ್ಶಾಸ್ತ್ರಜ್ಞ. ಅಲ್ಲಿ ಗುರುವೇ ಕಟ್ಟಿದ ದತ್ತಾಂಶವನ್ನು ಶಿಷ್ಯರ ಕೈಗಿಟ್ಟು ಪಿಎಚ್.ಡಿ. ಮಾಡಿಸುತ್ತಿದ್ದರು. ‘ನಾನೇ ಹೋಗಿ ಸಂಗ್ರಹಿಸುತ್ತೇನೆ’ ಎಂದು ಶಿಷ್ಯರು ಹಟ ಹಿಡಿಯುವುದು ಸುಲಭವೇ?

ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನಂಥ ಮೊದಲ ಸಾಲಿನ ಸಂಸ್ಥೆಗೂ ಈ ಬಿಸಿ ತಟ್ಟಿದೆ. ಅಲ್ಲಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಪ್ರಬಂಧವೊಂದರ ಚಿತ್ರಗಳ ಬಗ್ಗೆ ಓದುಗರು ‘ಪಬ್‌ಪಿಯರ್’ ತಾಣದಲ್ಲಿ ಅನುಮಾನ ಎತ್ತಿದರು. ಸಂಸ್ಥೆ ವಿಚಾರಣೆ ನಡೆಸಿತು, 2021ರಲ್ಲಿ ಪ್ರಬಂಧ ಹಿಂಪಡೆಯಲಾಯಿತು. ಹಿಂಪಡೆದ ವೇಗ ಮೆಚ್ಚತಕ್ಕದ್ದೇ. ಎಷ್ಟೋ ಕಡೆ ಇಂಥದ್ದು ಕಡತದಲ್ಲೇ ಕೊಳೆಯುತ್ತದೆ. ಆದರೆ ಪತ್ತೆ ಹಚ್ಚಿದ್ದು ಹೊರಗಿನ ಕಣ್ಣು ಎಂಬುದೂ ಗಮನಿಸಬೇಕಾದ ಮಾತು.

ತಪ್ಪಿಗೆ ಸಿಕ್ಕಿಬಿದ್ದ ವಿಜ್ಞಾನಿಗಳಿಗೆಂದೇ ಅಮೆರಿಕದ ಸೇಂಟ್ ಲೂಯಿಯಲ್ಲಿ ಜೇಮ್ಸ್ ಡುಬೋಯ್ 2013ರಿಂದ ಒಂದು ಶಿಬಿರ ನಡೆಸಿಕೊಂಡು ಬಂದರು. ಮೂರು ದಿನ, ಸಣ್ಣ ಗುಂಪು, ಆಮೇಲೆ ತಿಂಗಳುಗಟ್ಟಲೆ ಫೋನ್‌ನಲ್ಲಿ ವಿಚಾರಿಸಿಕೊಳ್ಳುವುದು. ಬಂದವರನ್ನು ನೋಡಿ ಅವರು 2016ರಲ್ಲಿ ‘ನೇಚರ್’ನಲ್ಲಿ ಬರೆದ ಪ್ರಕಾರ, ಬಹುತೇಕರು ದುರುಳರಲ್ಲ, ಕೆಲಸ ಬಲ್ಲವರೇ. ಲ್ಯಾಬ್ ಕಡೆ ಗಮನ ಸಾಲದ್ದು, ನಿಯಮ ಸ್ಪಷ್ಟವಿಲ್ಲದ್ದು, ನಿಯಮಪಾಲನೆಯನ್ನು ಕೊನೆಯ ಸಾಲಿಗೆ ತಳ್ಳಿದ್ದು, ಇವೇ ಮುಖ್ಯ ಕಾರಣಗಳು. ಶಿಬಿರ ಕಲಿಸಿದ್ದೂ ಸರಳ: ತಪ್ಪದೆ ಲ್ಯಾಬ್ ಮೀಟಿಂಗ್, ಬರೆದಿಟ್ಟ ಕಾರ್ಯವಿಧಾನ, ಮೂಲ ದತ್ತಾಂಶದ ಮೇಲೆ ಯಜಮಾನನ ಕಣ್ಣು. ದುಡ್ಡು ಬೇಡದ ಕೆಲಸಗಳು. ವಾರಕ್ಕೊಮ್ಮೆ ವಿದ್ಯಾರ್ಥಿ ಪವರ್‌ಪಾಯಿಂಟ್ ಬದಲು ನೋಟ್‌ಬುಕ್ಕನ್ನೇ ಮೇಜಿನ ಮೇಲೆ ಬಿಡಿಸಿಟ್ಟು ಮಾತಾಡಲಿ ಎಂದು ಒಂದು ವಿಭಾಗ ನಿರ್ಧರಿಸಿದರೆ ಸಾಕು, ಆರ್‌ಪಿಇಯ 5 ಗಂಟೆ ಐದು ವರ್ಷಕ್ಕೆ ಹಿಗ್ಗುತ್ತದೆ.

ಇನ್ನೊಂದು ಪಾಠ ನಮ್ಮಲ್ಲಿ ಎಲ್ಲೂ ಇಲ್ಲ. ತಪ್ಪು ಕಣ್ಣಿಗೆ ಬಿದ್ದರೆ ಯಾರಿಗೆ ಹೇಳುವುದು, ಹೇಗೆ ಹೇಳುವುದು? 2018ರ ನಿಯಮಾವಳಿ ವಿಭಾಗಕ್ಕೊಂದು, ಸಂಸ್ಥೆಗೊಂದು ಪ್ರಾಮಾಣಿಕತಾ ಸಮಿತಿ ಮಾಡಿದೆ, ಆದರೆ ಅವು ಕೃತಿಚೌರ್ಯಕ್ಕೆ. ಇಲಿನಾಯ್ ವಿಶ್ವವಿದ್ಯಾಲಯದ ಸಿ.ಕೆ. ಗುನ್ಸಾಲಸ್ 1998ರಲ್ಲೇ, ತಪ್ಪನ್ನು ಬಯಲು ಮಾಡಿಯೂ ವೃತ್ತಿ ಉಳಿಸಿಕೊಳ್ಳುವುದು ಹೇಗೆಂದು ಒಂದು ಪ್ರಬಂಧ ಬರೆದರು. ಮೊದಲು ನಾನೇ ತಪ್ಪು ತಿಳಿದಿರಬಹುದೇ ಎಂದು ನೋಡಿಕೊ. ಆರೋಪ ಮಾಡಬೇಡ, ಪ್ರಶ್ನೆ ಕೇಳು. ದಾಖಲೆ ಯಾವುದು, ಎಲ್ಲಿದೆ ಎಂದು ಖಚಿತ ಮಾಡಿಕೊ. ಸ್ವಂತ ಸಿಟ್ಟನ್ನು ಇದರೊಳಗೆ ಬೆರೆಸಬೇಡ. ಸಲಹೆ ಕೇಳು, ಕೇಳಿದ ಮೇಲೆ ಕಿವಿಗೊಡು. ಸ್ಟಾಪೆಲ್ ಪ್ರಕರಣದಲ್ಲಿ ಮೂವರು ಯುವ ಸಂಶೋಧಕರು ಸದ್ದಿಲ್ಲದೆ ತಿಂಗಳುಗಟ್ಟಲೆ ಪುರಾವೆ ಕೂಡಿಸಿ ವಿಭಾಗದ ಮುಖ್ಯಸ್ಥರ ಬಳಿ ಹೋದದ್ದು ಹೆಚ್ಚುಕಡಿಮೆ ಈ ದಾರಿಯಲ್ಲೇ. ಗೈಡ್ ಸಹಿಯಿಲ್ಲದೆ ಫೆಲೋಶಿಪ್ ಹಣವೂ ಕೈಗೆ ಬಾರದ ನಮ್ಮ ಹುಡುಗರಿಗೆ ಇದನ್ನು ಹೇಳಿಕೊಡುವುದು ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ತುರ್ತು.

ಎನ್‌ಐಎಚ್ 2009ರಲ್ಲಿ ತನ್ನ ನಿಯಮ ಬಿಗಿ ಮಾಡಿದಾಗ ಬರೀ ಆನ್‌ಲೈನ್ ಪಾಠ ಸಾಲದು ಎಂದಿತು. ಕನಿಷ್ಠ ಎಂಟು ಗಂಟೆ ಮುಖಾಮುಖಿ ಇರಬೇಕು, ವೃತ್ತಿಯ ಪ್ರತಿ ಹಂತದಲ್ಲೂ, ನಾಲ್ಕು ವರ್ಷಕ್ಕೊಮ್ಮೆಯಾದರೂ ಪುನರಾವರ್ತನೆ ಆಗಬೇಕು, ಪಾಠದಲ್ಲಿ ಪ್ರಾಧ್ಯಾಪಕರೇ ಪಾಲ್ಗೊಳ್ಳಬೇಕು. ನಮ್ಮಲ್ಲಿ ಪಾಠ ಒಂದೇ ಸಲ, ಅದೂ ವಿದ್ಯಾರ್ಥಿ ಪ್ರಯೋಗಕ್ಕೆ ಕೈಹಾಕುವ ಮುಂಚೆ.

ಯುಜಿಸಿ ಏನೂ ಕಲಿತಿಲ್ಲ ಎಂದರೆ ಅನ್ಯಾಯವಾದೀತು. ಮಹಾಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಒಂದಾದರೂ ಪ್ರಬಂಧ ಪ್ರಕಟವಾಗಿರಬೇಕು ಎಂಬ ಷರತ್ತನ್ನು 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಅದು ಕೈಬಿಟ್ಟಿತು. ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್‌ಗಳಿಗೆ ಗಿರಾಕಿ ಒದಗಿಸುತ್ತಿದ್ದ ಷರತ್ತು ಅದು. ಅದೇ ನಿಯಮಾವಳಿ ಗೈಡ್ ಯಾರಾಗಬಹುದು ಎಂದೂ ಹೇಳುತ್ತದೆ. ಪ್ರಾಧ್ಯಾಪಕರಿಗೆ, ಸಹ ಪ್ರಾಧ್ಯಾಪಕರಿಗೆ ಕನಿಷ್ಠ ಐದು ಪ್ರಕಟಣೆ, ಸಹಾಯಕ ಪ್ರಾಧ್ಯಾಪಕರಿಗೆ ಮೂರು. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಮ್ಮೆಗೆ ಎಂಟು ಮಂದಿವರೆಗೆ ಇರಬಹುದು. ಆ ಎಂಟು ಮಂದಿಯ ನೋಟ್‌ಬುಕ್ ನೋಡುವವರು ಆರ್‌ಪಿಇಯ ಒಂದು ತರಗತಿಗಾದರೂ ಬಂದು ಕೂರಬೇಕೆಂಬ ಸಾಲು ಅದರಲ್ಲಿ ಇಲ್ಲ.